ಒಂದೇ ಪದದ ಕೋಶ

ಇಸ್ತ್ರಿಯಮ್ಮನ ಅಂಗಡಿಯ ಹಿಂದಿನ ಅಡುಗೆಮನೆಗೆ ಬೀರುವಿನಷ್ಟು ಎತ್ತರದ ಬಿಳಿ ಪೆಟ್ಟಿಗೆಯೊಂದು ಬಂದು ಹನ್ನೊಂದು ದಿನವಾಗಿತ್ತು. ಕೊಳವೆಯಲ್ಲಿ ಬರುವ ಗ್ಯಾಸನ್ನು ಕುಡಿದು, ಬೆಂಕಿ ಹೊತ್ತಿಸದೆಯೇ ಕರೆಂಟು ಕೊಡುತ್ತದಂತೆ. ಮೇಲೆ ಬಿಸಿನೀರು ಬಿಟ್ಟಿ. ಮಾಳಿಗೆಯ ಮೇಲೆ ಸೋಲಾರ್ ಹಲಗೆಗಳು ಮೊದಲಿನಿಂದಲೂ ಇದ್ದವು. ಬಿಸಿಲಿದ್ದ ದಿನ ಇಸ್ತ್ರಿಪೆಟ್ಟಿಗೆಯನ್ನು ಚೆನ್ನಾಗಿಯೇ ಕಾಯಿಸುತ್ತಿದ್ದವು. ಮೋಡ ಮುಚ್ಚಿದರೆ ಮಾತ್ರ ಮುನಿದ ಅಳಿಯನಂತೆ ಮುಖ ಊದಿಸಿಕೊಂಡು ಕೂರುತ್ತಿದ್ದವು. ಇನ್ನು ಬೀದಿಯ ಕರೆಂಟೋ, ಬಂದ ಪುಟ್ಟ ಹೋದ ಪುಟ್ಟ.

ಈಗ ವಾರದಿಂದ ಮೋಡ. ಆಸ್ಪತ್ರೆಯ ಅರವತ್ತು ಬಿಳಿ ಕೋಟುಗಳು ಮುದ್ದೆಯಾಗಿ ಬಿದ್ದಿದ್ದವು. ಶನಿವಾರ ಬೆಳಗ್ಗೆ ಮಡಿಸಿ ಕೊಡದಿದ್ದರೆ ಆಸ್ಪತ್ರೆಯವರು ದೊಡ್ಡ ಲಾಂಡ್ರಿಯ ದಾರಿ ಹಿಡಿಯುತ್ತಾರೆ. ಅವರು ಹೋದರೆ ಅಂಗಡಿಗೆ ಬೀಗವೇ ಗತಿ. ಪೆಟ್ಟಿಗೆಯೇನೋ ಕಣ್ಣೆದುರೇ ಇತ್ತು. ಆದರೆ ಅದರ ಗ್ಯಾಸಿನ ತಿರುಪಿಗೆ ಪರವಾನಗಿ ಕಚೇರಿಯವರ ಅರಗಿನ ಮುದ್ರೆ. ತಪಾಸಣೆಯಾಗದೆ ಮುಟ್ಟುವಂತಿರಲಿಲ್ಲ.

ಎಡವಟ್ಟಾದದ್ದು ತಪಾಸಣೆಗೆ ಹಾಕಿದ ಅರ್ಜಿಯಲ್ಲಿ. ಅದನ್ನು ತುಂಬಿದವನು ಅವಳ ಗಂಡ, ಮೂವತ್ತು ವರ್ಷ ಲಾರಿ ಓಡಿಸಿ ಈಗ ಮನೆ ಸೇರಿದವನು. ಪೆಟ್ಟಿಗೆಯ ಹೆಸರನ್ನು ಇದ್ದಂತೆ ‘ಫ್ಯುಯಲ್ ಸೆಲ್’ ಎಂದರೆ ಟಾರ್ಚಿನ ಸೆಲ್ಲು ಅಂದುಕೊಂಡಾರು ಎಂದು ಹೆದರಿ, ಮೂರು ಜನರನ್ನು ಕೇಳಿ, ದುಂಡಗೆ ‘ಇಂಧನ ಕೋಶ’ ಎಂದು ಬರೆದಿದ್ದ. ಕೋಶ ಎಂದಮೇಲೆ ಪದಗಳಿರಬೇಕಲ್ಲ! ಕಚೇರಿಯವರು ಅರ್ಜಿಯನ್ನು ಗ್ರಂಥಾಲಯ ವಿಭಾಗಕ್ಕೆ ತಳ್ಳಿಬಿಟ್ಟರು.

ಗುರುವಾರ ಬೆಳಗ್ಗೆ ಆ ವಿಭಾಗದ ತಪಾಸಣೆಯ ಅಧಿಕಾರಿ ಬಂದರು.

“ಎಷ್ಟು ಸಂಪುಟ ಅಮ್ಮಾ?”

“ಒಂದೇ ಸಾರ್. ಬಾಗಿಲಲ್ಲಿ ಹಿಡೀದೆ ಕಿಟಕಿ ಕಿತ್ತು ಒಳಗೆ ತಂದ್ವಿ.”

“ಅಷ್ಟು ದಪ್ಪನಾ!” ಎನ್ನುತ್ತ ಅವರು ಗೌರವದಿಂದ ಒಳಗೆ ಬಂದರು. ಪೆಟ್ಟಿಗೆ ಕಂಡು ಬೆಚ್ಚಲೂ ಇಲ್ಲ. “ಈಗಿನ ಪುಸ್ತಕಗಳೇ ಹೀಗೆ. ಓದೋಕೂ ಕರೆಂಟ್ ಬೇಕು.”

“ಇದು ಕರೆಂಟ್ ಕೇಳಲ್ಲ ಸಾರ್, ಕೊಡುತ್ತೆ.”

“ಒಳ್ಳೇ ಪುಸ್ತಕ ಅಂದ್ರೆ ಹಾಗೇ ಇರ್ಬೇಕು. ಪದ ಎಷ್ಟಿವೆ?”

ಗೋಡೆಗೊರಗಿದ್ದ ಗಂಡ ತಡೆಯಲಾರದೆ, “ಸಾರ್, ಅದು ಪುಸ್ತಕ ಅಲ್ಲ” ಎಂದ.

“ಅರ್ಜಿ ಬರೆದಿದ್ದು ಯಾರು?”

“ನಾನೇ.”

“ಕೋಶ ಅಂತ ನೀವೇ ಬರೆದು, ಈಗ ಅಲ್ಲ ಅಂದ್ರೆ ಅರ್ಜಿ ಸುಳ್ಳಾಗುತ್ತೆ. ಸುಳ್ಳು ಅರ್ಜಿಗೆ ಪೆಟ್ಟಿಗೆ ಜಪ್ತಿ.”



ಸುಕ್ಕಿನ ಜೊತೆ ಜಗಳಕ್ಕೆ ನಿಲ್ಲಬಾರದು, ನೀರು ಚಿಮುಕಿಸಿ ಮೆತ್ತಗೆ ಮಾಡಿಕೊಳ್ಳಬೇಕು. ಇದು ಇಸ್ತ್ರಿಯಮ್ಮನಿಗೆ ಕಸುಬು ಕಲಿಸಿದ ಪಾಠ. “ಪುಸ್ತಕಾನೇ ಸಾರ್,” ಎಂದಳು. “ಆದ್ರೆ ಮುಚ್ಚಿರೋ ಪುಸ್ತಕದಲ್ಲಿ ಪದ ಎಣಿಸೋದು ಹೇಗೆ? ಮುದ್ರೆ ತೆಗೀರಿ, ಅದೇ ಬಾಯಿ ಬಿಡುತ್ತೆ.”

ನ್ಯಾಯವಾದ ಮಾತು. ಅಧಿಕಾರಿ ಅರಗು ಒಡೆದರು, ಗಂಡ ತಿರುಪು ತಿರುಗಿಸಿ ಗುಂಡಿ ಒತ್ತಿದ. ಪೆಟ್ಟಿಗೆ ಗರ ಬಡಿದಂತೆ ಒಂದು ಗಂಟೆ ಸುಮ್ಮನಿತ್ತು. ಆಮೇಲೆ ಹೊಟ್ಟೆಯೊಳಗಿಂದ, “ಹೂಂಂಂ...”

“ಏನಂತು?”

“ಹೂಂ ಅಂತು ಸಾರ್.”

ಅವರು ಬರೆದುಕೊಂಡು ಎರಡನೆಯ ಪದಕ್ಕೆ ಕಾದರು. ಮಧ್ಯಾಹ್ನವಾದರೂ ಅದೇ ಹೂಂ.

“ಬೇರೆ ಪದಾನೇ ಇಲ್ವೇನ್ರೀ?”

“ಯಾಕೆ ಬೇಕು ಸಾರ್?” ಗಂಡ ನಿಟ್ಟುಸಿರುಬಿಟ್ಟ. “ಮದುವೆ ಆದಾಗಿಂದ ನಾನು ಅದೊಂದೇ ಪದದಲ್ಲಿ ಸಂಸಾರ ಮಾಡಿದ್ದೀನಿ.”

ಅಧಿಕಾರಿಗೆ ತಮ್ಮ ಮನೆ ನೆನಪಾಯಿತೋ ಏನೋ, ‘ಪದ ಒಂದು, ಬಳಕೆ ಬಹಳ’ ಎಂದು ಬರೆದರು. ಹೊರಡುವಾಗ ಬೆರಳೆತ್ತಿ ಹೇಳಿದರು: “ಓದೋರಿಲ್ಲದೆ ಕೋಶ ತೆರೆದಿಡೋ ಹಾಗಿಲ್ಲ. ನಾಳೆ ಬರ್ತೀನಿ. ಓದೋರು ಕಾಣ್ಲಿಲ್ವೋ, ಮತ್ತೆ ಮುದ್ರೆ.”

ಇಸ್ತ್ರಿಯಮ್ಮ ಗಂಡನತ್ತ ತಿರುಗಿದಳು. “ರೀ, ದೇಶ ಸುತ್ತಿದ್ದಾಯ್ತಲ್ಲ. ಇನ್ನು ಕೂತು ಕೋಶ ಓದಿ.”

“ಏನಂತ ಓದ್ಲೇ ಅದನ್ನ?”

“ಕನ್ನಡಕ ಹಾಕ್ಕೊಳ್ಳಿ ಸಾಕು.”

ಅವನು ಪೆಟ್ಟಿಗೆಯೆದುರು ಸ್ಟೂಲು ಹಾಕಿಕೊಂಡು ಓದಲು ಕುಳಿತ. ಇಸ್ತ್ರಿ ಕಾಯಿತು. ಕೋಟುಗಳು ಒಂದೊಂದೇ ಸುಕ್ಕು ಬಿಟ್ಟು ಮೊಳೆಗೇರಿದವು.

ಶುಕ್ರವಾರ ಸಂಜೆ ಐವತ್ತೆರಡು ಮುಗಿದಿದ್ದವು. ಆಗಲೇ ಬಾಗಿಲಲ್ಲಿ ಅಧಿಕಾರಿ, ಕೈಯಲ್ಲಿ ಅರಗಿನ ಕಡ್ಡಿ. ಇಸ್ತ್ರಿಯಮ್ಮ ತಿರುಗಿ ನೋಡುತ್ತಾಳೆ: ಗಂಡನ ಗದ್ದ ಎದೆಗಿಳಿದಿದೆ, ಕನ್ನಡಕ ಮೂಗಿನ ತುದಿಗೆ ಜಾರಿದೆ.

“ಇವರು ನಿದ್ದೆ ಹೊಡೀತಿದ್ದಾರೆ!” ಎಂದು ಅಧಿಕಾರಿ ಬೆಂಕಿಕಡ್ಡಿ ಗೀರಿದರು.

“ರೀ!” ಇಸ್ತ್ರಿಯಮ್ಮ ಕೂಗಿದಳು. “ಓದ್ತಾ ಇದ್ದೀರಾ?”

ಗಂಡ ಕಣ್ಣು ತೆರೆಯಲಿಲ್ಲ. ಇಷ್ಟು ವರ್ಷದ ರೂಢಿ ಎಲ್ಲಿಗೆ ಹೋದೀತು? ನಿದ್ದೆಯಲ್ಲೇ, “ಹೂಂ” ಎಂದ.

“ಹೂಂಂಂ” ಎಂದಿತು ಪೆಟ್ಟಿಗೆ.

ಅಧಿಕಾರಿ ಒಮ್ಮೆ ಪೆಟ್ಟಿಗೆ ನೋಡಿದರು, ಒಮ್ಮೆ ಗಂಡನನ್ನು ನೋಡಿದರು. ಕಡ್ಡಿ ಆರಿಸಿ, ಅರಗನ್ನು ಜೇಬಿಗಿಳಿಸಿದರು.

“ಅಬ್ಬಾ! ಪೂರ್ತಿ ಬಾಯಿಪಾಠಾನೇ ಮಾಡಿಬಿಟ್ಟಿದ್ದಾರೆ,” ಎಂದು ಪಿಸುಗುಟ್ಟಿ, ಓದುಗರಿಗೆ ತೊಂದರೆಯಾಗದಂತೆ ತುದಿಗಾಲಲ್ಲಿ ಹೊರಗೆ ಹೋದರು.

ಇಸ್ತ್ರಿಯಮ್ಮ ಐವತ್ತಮೂರನೆಯ ಕೋಟಿನ ಮೇಲೆ ನೀರು ಚಿಮುಕಿಸಿದಳು.