ಎಡ ಭುಜದ ಅಳತೆ

"ನೇರ ನಿಲ್ಲು ಅಂತ ಎಷ್ಟು ಸಲ ಹೇಳಬೇಕು ನಿನಗೆ?" ಎಂದು ಬೇಬಿ ಮಗಳ ಬೆನ್ನಿಗೆ ಅಂಗೈಯಿಂದ ಒಂದು ಬಡಿದಳು. ಆ ಸದ್ದಿಗೆ ಅಣ್ಣು ಹೊಲಿಗೆ ಯಂತ್ರದ ಚಕ್ರದ ಮೇಲೆ ಕೈಯಿಟ್ಟು ನಿಲ್ಲಿಸಿ ತಲೆಯೆತ್ತಿದ. ಪ್ರಣೀತಾ ಕನ್ನಡಿಯ ಮುಂದೆ ಇನ್ನಷ್ಟು ಸೆಟೆದು ನಿಂತಳು. ಅವಳ ಹಿಂದೆ ಟೇಪು ಹಿಡಿದಿದ್ದ ಲಿಗೋರಿಗೆ, ಆ ಸೆಟೆತದಿಂದ ಅಳತೆ ಒಂದು ನೂಲಿನಷ್ಟೂ ಬದಲಾಗಲಿಲ್ಲವೆಂಬುದು ಕಂಡಿತು.

ಮೇ ತಿಂಗಳ ಕೊನೆಯ ವಾರ. ಶಾಲೆ ಸುರುವಾಗಲು ಇನ್ನು ಆರು ದಿನ. ಉದ್ಯಾವರದ ಹೆದ್ದಾರಿ ಪಕ್ಕದಲ್ಲಿದ್ದ ಲಿಗೋರಿಯ ಒಂದು ಕೋಣೆಯ ಟೈಲರ್ ಅಂಗಡಿಯಲ್ಲಿ ಯೂನಿಫಾರ್ಮಿನ ನೀಲಿ ಬಟ್ಟೆಯ ಥಾನುಗಳು ಅಟ್ಟದ ತನಕ ಏರಿದ್ದವು. ಇಸ್ತ್ರಿ ಪೆಟ್ಟಿಗೆ ಇಡಲೂ ಜಾಗವಿರಲಿಲ್ಲ.

"ನನ್ನ ಬೆನ್ನು ಬಗ್ಗಿದ್ದು ಇಪ್ಪತ್ತು ವರ್ಷ ಬೀಡಿ ಕಟ್ಟಿ," ಎಂದಳು ಬೇಬಿ. "ಇವಳಿಗೆ ಎಂತ ಆಗಿದೆ? ಮೊಬೈಲ್. ಅದನ್ನು ನೋಡಿ ನೋಡಿ ಮುದುಕಿಯ ಹಾಗೆ ಆಗಿದ್ದಾಳೆ. ಹೋದ ವರ್ಷ ಶಾಲೆಗೆ ಆರೋಗ್ಯ ತಪಾಸಣೆಗೆ ಬಂದವರೂ ಅದನ್ನೇ ಬರೆದದ್ದು, ಕೂರುವ ನಿಲ್ಲುವ ಕ್ರಮ ಸರಿ ಇಲ್ಲ ಅಂತ. ಆ ಚೀಟಿಯನ್ನು ಫ್ರಿಜ್ಜಿಗೆ ಅಂಟಿಸಿ ಇಟ್ಟಿದ್ದೇನೆ."

"ನಮ್ಮ ಲಿಗೋರಿಯಣ್ಣನಿಗೂ ಅಂಥದ್ದೊಂದು ಚೀಟಿ ಬರೆಸಬೇಕು, ಬೇಬಿಯಕ್ಕ," ಎಂದ ಅಣ್ಣು. "ಅವರು ನೆಟ್ಟಗೆ ನಿಂತದ್ದನ್ನು ನಾನು ಅವರ ಮದುವೆಯ ಫೋಟೋದಲ್ಲಿ ಮಾತ್ರ ನೋಡಿದ್ದು."

"ಅದೂ ಫೋಟೋದವ ಗಲ್ಲ ಹಿಡಿದು ಎತ್ತಿದ ಮೇಲೆ," ಎಂದು ಲಿಗೋರಿ ಟೇಪಿನಿಂದ ಕಣ್ಣು ತೆಗೆಯದೆ ಹೇಳಿದ.

ಬೇಬಿ ನಕ್ಕಳು. ಅಷ್ಟರಲ್ಲಿ ಅವಳ ಫೋನು ಹೊಡೆದುಕೊಂಡಿತು. ಗಂಡ ಚೆನ್ನಪ್ಪ ಕಾರ್ಕಳದ ಬಸ್ಸಿನಲ್ಲಿ ಕಂಡಕ್ಟರ್. ಬಸ್ಸು ನಿಲ್ದಾಣದಲ್ಲಿರುವ ಹತ್ತು ನಿಮಿಷದಲ್ಲೇ ಅವನು ಮಾತಾಡಿ ಮುಗಿಸಬೇಕು. ಅಣ್ಣು ಮತ್ತೆ ಸುರು ಮಾಡಿದ ಯಂತ್ರದ ಸದ್ದಿನಲ್ಲಿ ಕೇಳಿಸದೆ ಅವಳು ಹೊರಗೆ ಹೋಗಿ ಜಗಲಿಯ ತುದಿಯಲ್ಲಿ ನಿಂತಳು.

ಲಿಗೋರಿ ಬಲ ಭುಜದ ತುದಿಯಿಂದ ಮೊಣಕಾಲಿಗೆ ಟೇಪು ಇಳಿಸಿದ. ಮೂವತ್ತೆಂಟು. ಎಡ ಭುಜದಿಂದ ಇಳಿಸಿದ. ಮೂವತ್ತಾರೂ ಮುಕ್ಕಾಲು. ಮತ್ತೊಮ್ಮೆ ಇಳಿಸಿದ. ಅಷ್ಟೇ.

ಎರಡೂ ಬದಿ ಅಳೆಯುವ ಟೈಲರುಗಳು ಈಗ ಕಡಿಮೆ. ಬನ್ನಂಜೆಯಲ್ಲಿ ಲಿಗೋರಿಗೆ ಕೆಲಸ ಕಲಿಸಿದ ಉಸ್ತಾದ್ ಎರಡು ನಿಯಮ ಹೇಳಿಕೊಟ್ಟಿದ್ದರು. ಮನುಷ್ಯನ ಎರಡು ಬದಿ ಒಂದೇ ಇರುವುದಿಲ್ಲ, ಆದ್ದರಿಂದ ಎರಡನ್ನೂ ಅಳೆಯಬೇಕು. ಅಳೆದದ್ದನ್ನು ಬಾಯಿಬಿಟ್ಟು ಹೇಳಬಾರದು, ತಾನೇ ಬರೆದುಕೊಳ್ಳಬೇಕು. ಗಿರಾಕಿಯ ಮೈಯ ಸುದ್ದಿ ಗಿರಾಕಿಗೂ ಗೊತ್ತಾಗಬಾರದು. ಉಳಿದದ್ದನ್ನು ಕತ್ತರಿ ನೋಡಿಕೊಳ್ಳುತ್ತದೆ. ಮೂವತ್ತೆಂಟು ವರ್ಷಗಳಲ್ಲಿ ಲಿಗೋರಿ ಎರಡನ್ನೂ ತಪ್ಪಿರಲಿಲ್ಲ. ಬ್ಯಾಂಕಿನ ಗುಮಾಸ್ತರ ಕುತ್ತಿಗೆ ಎಷ್ಟು ಮುಂದೆ ಬಾಗಿದೆ, ಬಸ್ಸಿನ ಬಾಗಿಲಲ್ಲಿ ನಿಂತು ನಿಂತು ಚೆನ್ನಪ್ಪನ ಸೊಂಟದ ಯಾವ ಬದಿ ಮೇಲೆದ್ದಿದೆ, ಹನ್ನೆರಡು ತುಂಬುತ್ತಲೇ ಹೆಣ್ಣುಮಕ್ಕಳು ಯಾಕೆ ಭುಜವನ್ನು ಎದೆಯ ಕಡೆಗೆ ಎಳೆದುಕೊಳ್ಳತೊಡಗುತ್ತಾರೆ ಎಂಬುದೆಲ್ಲ ಅವನಿಗೆ ಗೊತ್ತಿತ್ತು. ನೇರವಾದ ಮೈ ಅವನ ಟೇಪಿಗೆ ಸಿಕ್ಕಿದ್ದು ಬೆರಳೆಣಿಕೆಯಷ್ಟು. ಅವರಲ್ಲಿ ಹೆಚ್ಚಿನವರು ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ಮನೆಮನೆ ತಿರುಗಿದ ಹೆಂಗಸರು. ಉಳಿದವರನ್ನೆಲ್ಲ ಅವನು ಬಟ್ಟೆಯಲ್ಲಿ ನೇರ ಮಾಡಿ ಕಳಿಸಿದ್ದ.

"ಅಂಕಲ್," ಎಂದಳು ಪ್ರಣೀತಾ ಮೆಲ್ಲಗೆ. "ಈ ಸಲವೂ ಸಮ ಕಾಣುವ ಹಾಗೆ ಹೊಲಿಯುತ್ತೀರಲ್ವಾ?"

ಲಿಗೋರಿಯ ಕೈ ನಿಂತಿತು.

"ಹೋದ ವರ್ಷದ ಕೋಟಿನ ಹೊಲಿಗೆ ಬಿಚ್ಚಿ ನೋಡಿದೆ. ಎಡ ಭುಜದ ಒಳಗೆ ಮಾತ್ರ ಆ ದಪ್ಪ ಕ್ಯಾನ್ವಾಸು ಬಟ್ಟೆ ಮೂರು ಪದರ ಉಂಟು. ಬಲದಲ್ಲಿ ಒಂದೇ. ಅಮ್ಮನಿಗೆ ಹೇಳಬೇಡಿ."

"ಯಾಕೆ ಮಗಾ?"

"ನೇರ ನಿಲ್ಲದೆ ಹೀಗಾದದ್ದು ಅಂತ ಹೇಳ್ತಾರೆ. ಊಟಕ್ಕೆ ಕೂತರೂ ಬೆನ್ನಿಗೆ ಸ್ಕೇಲ್ ಇಟ್ಟು ನೋಡ್ತಾರೆ." ಅವಳು ಕನ್ನಡಿಯಲ್ಲಿ ತನ್ನನ್ನೇ ನೋಡುತ್ತಿದ್ದಳು. "ನಾನು ಈಗ ನೇರವೇ ನಿಂತದ್ದು, ಅಂಕಲ್. ಇದಕ್ಕಿಂತ ನೇರ ನಿಲ್ಲಲಿಕ್ಕೆ ನನಗೆ ಆಗುವುದಿಲ್ಲ."

ಲಿಗೋರಿ ಟೇಪನ್ನು ಕುತ್ತಿಗೆಗೆ ಹಾಕಿಕೊಂಡ. ಆಮೇಲೆ, "ತಪಾಸಣೆಗೆ ಬಂದವರು ಭುಜ ನೋಡಲಿಲ್ಲವಾ?" ಎಂದು ಕೇಳಿದ.

"ನೋಡಿದರು. ಗೋಡೆಯ ಹತ್ತಿರ ನಿಲ್ಲಿಸಿ ನೋಡಿದರು. ಎಲ್ಲರನ್ನೂ ಕೋಟು ಹಾಕಿಯೇ ನಿಲ್ಲಿಸಿದ್ದು. ಎರಡು ಭುಜ ಸಮ ಉಂಟು, ಸ್ವಲ್ಪ ಬಗ್ಗುತ್ತಾಳೆ ಅಷ್ಟೇ ಅಂದರು."

ಅವನ ಬೆರಳ ಸಂದಿನಿಂದ ಗುರುತು ಹಾಕುವ ಚಾಕ್‌ಪೀಸು ಜಾರಿ ನೆಲಕ್ಕೆ ಬಿತ್ತು. ಹುಡುಗಿ ತಾನೇ ಬಗ್ಗಿ ಹೆಕ್ಕಿದಳು. ಬಗ್ಗಿದ ಆ ಒಂದೆರಡು ಕ್ಷಣ ಅವಳ ಬೆನ್ನು ಅವನ ಎದುರಿಗಿತ್ತು. ಬಲಭಾಗ ಎಡಭಾಗಕ್ಕಿಂತ ಎರಡು ಬೆರಳು ಮೇಲೆದ್ದಿತ್ತು, ಅಂಗಿಯೊಳಗೆ ಯಾರೋ ಮಡಚಿದ ಟವೆಲು ಇಟ್ಟ ಹಾಗೆ. ಲಿಗೋರಿ ಎಷ್ಟೋ ಬಗೆಯ ಬೆನ್ನು ನೋಡಿದವನು. ಕೂತು ಬಗ್ಗಿದ ಬೆನ್ನು, ಹೊತ್ತು ಬಗ್ಗಿದ ಬೆನ್ನು, ನಾಚಿ ಬಗ್ಗಿದ ಬೆನ್ನು. ಇದು ಬಗ್ಗಿದ ಬೆನ್ನಾಗಿರಲಿಲ್ಲ. ತಿರುಚಿದ ಬೆನ್ನಾಗಿತ್ತು.

ಬೇಬಿ ಒಳಗೆ ಬಂದು, "ಆಯ್ತಾ ಪರ್ಬುಗಳೇ? ಶನಿವಾರ ಕೊಡುತ್ತೀರಲ್ಲ?" ಎಂದಳು. ಊರಿನ ಹೆಚ್ಚಿನವರಂತೆ ಅವಳೂ ಕ್ರಿಶ್ಚಿಯನ್ನನಾದ ಲಿಗೋರಿಯನ್ನು ಪರ್ಬು ಎಂದೇ ಗೌರವದಿಂದ ಕರೆಯುತ್ತಿದ್ದಳು.

"ಶನಿವಾರ," ಎಂದ ಲಿಗೋರಿ.

ಅವರು ಹೋದ ಮೇಲೆ ಅವನು ಅಳತೆಯ ಹಳೆಯ ಪುಸ್ತಕಗಳನ್ನು ಅಟ್ಟದಿಂದ ಇಳಿಸಿದ. ಆರನೇ ಕ್ಲಾಸಿನ ವರ್ಷ ಎಡಕ್ಕೆ ಕೆಳಮುಖದ ಒಂದು ಸಣ್ಣ ಬಾಣ, ಪಕ್ಕದಲ್ಲಿ ಕಾಲು ಇಂಚು. ಏಳರಲ್ಲಿ ಅರ್ಧ. ಎಂಟರಲ್ಲಿ ಮುಕ್ಕಾಲು. ಈಗ ಒಂಬತ್ತಕ್ಕೆ ಒಂದೂಕಾಲು. ಪ್ರತಿ ವರ್ಷ ಕಾಲು ಇಂಚು ಏರಿದ್ದು ಈ ವರ್ಷ ಅರ್ಧ ಇಂಚು ಏರಿದೆ. ಎಲ್ಲ ಅವನದೇ ಅಕ್ಷರ. ನಾಲ್ಕನ್ನೂ ಒಟ್ಟಿಗೆ ಇಟ್ಟು ಅವನು ಒಮ್ಮೆಯೂ ನೋಡಿರಲಿಲ್ಲ. ಆಯಾ ವರ್ಷದ ಬಟ್ಟೆಗೆ ಆಯಾ ವರ್ಷದ ಅಳತೆ ಸಾಕಾಗಿತ್ತು.

"ಎಂತ ಮಾರಾಯ್ರೆ, ಸೀಸನ್ನಿನಲ್ಲಿ ಪುರಾಣ ಓದಲಿಕ್ಕೆ ಕೂತಿರಿ?" ಎಂದ ಅಣ್ಣು.

ಲಿಗೋರಿ ಹೇಳಿದ. ಅಣ್ಣು ಕೈಯಲ್ಲಿದ್ದ ಕಾಲರನ್ನು ಮಡಿಲಿಗೆ ಹಾಕಿಕೊಂಡು ಪೂರ್ತಿ ಕೇಳಿದ.

"ಹೇಳಬೇಡಿ," ಎಂದ ಕೊನೆಗೆ. "ಬಟ್ಟೆ ನೋಡುವುದು ನಮ್ಮ ಕೆಲಸ. ಮೈ ನೋಡುವವರು ಬೇರೆ ಇದ್ದಾರೆ. ಬೆಳೆಯುವ ಹುಡುಗಿಯ ಬೆನ್ನು ಹೀಗೆ ಉಂಟು, ಹಾಗೆ ಉಂಟು ಅಂತ ನೀವು ಬಾಯಿ ತೆರೆದರೆ ನಾಳೆ ಊರಿನವರು ಎಂತ ಕೇಳ್ತಾರೆ? ಟೈಲರ್ ಅಷ್ಟೆಲ್ಲ ಯಾಕೆ ನೋಡಿದ ಅಂತ ಕೇಳ್ತಾರೆ. ಆಮೇಲೆ ಒಬ್ಬ ಹೆಂಗಸು ನಮ್ಮ ಮೆಟ್ಟಿಲು ಹತ್ತುವುದಿಲ್ಲ."

"ಹುಡುಗಿಯೂ ಹೇಳಬೇಡಿ ಅಂದಳು."

"ಮತ್ತೆಂತ? ಎಲ್ಲರದ್ದೂ ಒಂದೇ ಮಾತಾಯಿತಲ್ಲ."

ಲಿಗೋರಿ ಪುಸ್ತಕಗಳನ್ನು ಮುಚ್ಚಿದ. ಅಣ್ಣು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಎರಡು ದಿನ ಅವನು ಬೇರೆಯವರ ಬಟ್ಟೆ ಹೊಲಿದ. ಶುಕ್ರವಾರ ಬೆಳಿಗ್ಗೆ ಪ್ರಣೀತಾಳ ಕೋಟಿನ ಬಟ್ಟೆ ಹಾಸಿ, ಎಡ ಭುಜಕ್ಕೆ ಎಂದಿನಂತೆ ಬೇರೆ ಗೆರೆ ಎಳೆಯಲು ಹೋಗಿ ಕೈ ತಡೆದ. ಬಟ್ಟೆಯನ್ನು ನಡುವೆ ಮಡಚಿದ. ಎರಡು ಪದರ ಒಟ್ಟಿಗೆ ಸೇರಿಸಿ ಒಂದೇ ಗೆರೆ ಎಳೆದು, ಒಂದೇ ಸಲ ಕತ್ತರಿಸಿದ. ಕ್ಯಾನ್ವಾಸು ಎರಡೂ ಬದಿಗೆ ಒಂದೊಂದೇ ಪದರ ಇಟ್ಟ. ಕಲಿಯುವ ಕಾಲದಲ್ಲಿ ಬಿಟ್ಟರೆ ಅವನು ಅಷ್ಟು ಸುಲಭದ ಕೋಟು ಹೊಲಿದಿರಲಿಲ್ಲ.

ಶನಿವಾರ ಹನ್ನೊಂದಕ್ಕೆ ಅವರು ಬಂದರು. ಪ್ರಣೀತಾ ಕೋಟು ತೊಟ್ಟು ಗುಂಡಿ ಹಾಕಿಕೊಂಡು ಕನ್ನಡಿಗೆ ತಿರುಗಿದಳು. ಎಡ ಭುಜದ ಮೇಲೆ ಬಟ್ಟೆ ನೆರಿಗೆಯಾಗಿ ಕುಸಿದಿತ್ತು. ಕಾಲರು ಬಲಕ್ಕೆ ಜಗ್ಗಿತ್ತು. ಕೆಳಗಿನ ಅಂಚು ಎಡಕ್ಕೆ ಇಳಿಜಾರಾಗಿತ್ತು. ಅವಳು ಮೊದಲು ತನ್ನ ಭುಜ ನೋಡಿದಳು. ಆಮೇಲೆ ಕನ್ನಡಿಯೊಳಗಿಂದ ಲಿಗೋರಿಯನ್ನು ನೋಡಿದಳು. ಅವನು ಕಣ್ಣು ತಪ್ಪಿಸಿದ.

"ಇದೆಂತ ಪರ್ಬುಗಳೇ?" ಎಂದಳು ಬೇಬಿ. "ನಿಮಗೂ ವಯಸ್ಸಾಯಿತಾ? ಎಡಬದಿ ಪೂರ್ತಿ ಜೋತುಬಿದ್ದಿದೆ. ಬಿಚ್ಚಿ ಸರಿ ಮಾಡಿ ಕೊಡಿ, ಸೋಮವಾರ ಶಾಲೆ."

"ಕೋಟು ಸರಿ ಉಂಟು, ಬೇಬಿಯಕ್ಕ. ಮೇಜಿನ ಮೇಲೆ ಹಾಕಿ ಮಡಚಿ ನೋಡಿ."

ಬೇಬಿ ಮಗಳ ಮೈಯಿಂದ ಕೋಟು ಕಳಚಿ ಮೇಜಿನ ಮೇಲೆ ಹಾಕಿ ನಡುವೆ ಮಡಚಿದಳು. ಭುಜಕ್ಕೆ ಭುಜ, ಅಂಚಿಗೆ ಅಂಚು ಸರಿಯಾಗಿ ಕೂತವು. ಅವಳು ಎರಡು ಬದಿಯನ್ನೂ ಬೆರಳಿನಿಂದ ಸವರಿದಳು.

"ಹಾಗಾದರೆ?"

"ಇಷ್ಟು ವರ್ಷ ಹೊಲಿದ ಕೋಟುಗಳು ಸರಿ ಇರಲಿಲ್ಲ," ಎಂದು ಲಿಗೋರಿ ನಾಲ್ಕು ಪುಸ್ತಕಗಳನ್ನು ಒಂದರ ಪಕ್ಕ ಒಂದು ತೆರೆದಿಟ್ಟ. ಬಾಣ ತೋರಿಸಿದ. ಎಡ ಭುಜ ಎಷ್ಟು ಕೆಳಗಿತ್ತು, ಬಟ್ಟೆಯಲ್ಲಿ ಅದನ್ನು ಹೇಗೆ ಮುಚ್ಚಿದೆ ಎಂದು ಹೇಳಿದ. ತಪಾಸಣೆಯವರು ನೋಡಿದ್ದು ಅವಳ ಭುಜವನ್ನಲ್ಲ, ತನ್ನ ಕ್ಯಾನ್ವಾಸನ್ನು ಎಂದ. "ಮಣಿಪಾಲದ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಒಂದು ಎಕ್ಸ್‌ರೇ ತೆಗೆಸಿ. ಅವಳು ನೇರವೇ ನಿಲ್ಲುವುದು. ಬೆನ್ನೇ ನೇರ ಇಲ್ಲ."

ಬೇಬಿ ಬಹಳ ಹೊತ್ತು ಆ ಅಂಕಿಗಳನ್ನು ನೋಡಿದಳು.

"ನಿಮಗೆ ಗೊತ್ತಿತ್ತು," ಎಂದಳು.

"ಅಳತೆ ಗೊತ್ತಿತ್ತು. ಕಾಯಿಲೆ ಅಂತ ಗೊತ್ತಿರಲಿಲ್ಲ."

"ನಾನು ಹೊಡೆಯುತ್ತಿದ್ದೆ, ಪರ್ಬುಗಳೇ. ನಿಮ್ಮ ಎದುರೇ ಹೊಡೆಯುತ್ತಿದ್ದೆ."

ಬೇಬಿ ಪುಸ್ತಕಗಳನ್ನು ಒಂದೊಂದಾಗಿ ಮುಚ್ಚಿ ತನ್ನ ಕೈಚೀಲಕ್ಕೆ ಹಾಕಿಕೊಂಡಳು. ಮೇಲಿನದರಲ್ಲಿ ಆ ವರ್ಷದ ನೂರಿಪ್ಪತ್ತು ಮಕ್ಕಳ ಅಳತೆಯಿತ್ತು. ಅಣ್ಣು ಏನೋ ಹೇಳಲು ಎದ್ದ. ಲಿಗೋರಿ ಕೈಯೆತ್ತಿ ತಡೆದ. ಪ್ರಣೀತಾ ಯಾರನ್ನೂ ನೋಡದೆ ಚಪ್ಪಲಿ ಮೆಟ್ಟಿದಳು. ಇಬ್ಬರೂ ರಸ್ತೆ ದಾಟಿ ಉಡುಪಿಯ ಕಡೆಯ ಬಸ್ಸಿಗೆ ನಿಂತರು. ಕೋಟು ಮೇಜಿನ ಮೇಲೆ ಉಳಿಯಿತು.

ಪುಸ್ತಕಗಳು ಮೂರನೆಯ ದಿನ ಚೆನ್ನಪ್ಪನ ಕೈಯಲ್ಲಿ ಮರಳಿ ಬಂದವು. ಅವುಗಳನ್ನು ಮೇಜಿನ ಮೇಲಿಟ್ಟು ಅವನು ನಿಲ್ಲದೆ ಹೋದ. ಅಣ್ಣು ಹೆದರಿದ್ದ ಪ್ರಶ್ನೆಯನ್ನು ಯಾರೂ ಎದುರಿಗೆ ಕೇಳಲಿಲ್ಲ. ಆದರೆ ಆ ಜೂನಿನಲ್ಲಿ ಮೂರು ಮನೆಯವರು ಮಕ್ಕಳ ಬಟ್ಟೆಯನ್ನು ಕಾಪುವಿನ ಟೈಲರಿಗೆ ಕೊಂಡುಹೋದರು.

ಆಗಸ್ಟ್ ಮೊದಲ ವಾರ, ಮಳೆ ಬಿಟ್ಟ ಒಂದು ಮಧ್ಯಾಹ್ನ, ತಾಯಿ ಮಗಳು ಮತ್ತೆ ಮೆಟ್ಟಿಲು ಹತ್ತಿದರು. ಪ್ರಣೀತಾಳ ಸಡಿಲ ಅಂಗಿಯೊಳಗೆ ಕಂಕುಳಿನಿಂದ ಸೊಂಟದವರೆಗೆ ಗಟ್ಟಿಯಾದುದೇನೋ ಇತ್ತು. ಅವಳು ಸ್ಟೂಲಿನ ಮೇಲೆ ಕೂರದೆ ನಿಂತೇ ಇದ್ದಳು.

"ಬೆಲ್ಟ್ ಹಾಕಿದ್ದಾರೆ," ಎಂದಳು ಬೇಬಿ. "ಪ್ಲಾಸ್ಟಿಕ್ಕಿನದ್ದು. ದಿನಕ್ಕೆ ಇಪ್ಪತ್ತು ಗಂಟೆ. ಬೆನ್ನುಮೂಳೆ ನಲವತ್ತು ಡಿಗ್ರಿ ಡೊಂಕಾಗಿದೆಯಂತೆ. ಇನ್ನೂ ಬೆಳೆಯುವ ಪ್ರಾಯ, ಆದ್ದರಿಂದ ನೋಡುವ ಅಂದರು. ಇದರಲ್ಲಿ ನಿಲ್ಲದಿದ್ದರೆ ಆಪರೇಷನ್." ಅವಳು ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು. "ನಿಮ್ಮ ಪುಸ್ತಕವನ್ನು ಡಾಕ್ಟರು ಫೋಟೋ ತೆಗೆದುಕೊಂಡರು. ಎರಡು ವರ್ಷ ಮೊದಲು ಬಂದಿದ್ದರೆ ಅಂದರು. ಮುಂದೆ ಹೇಳಲಿಲ್ಲ. ನಾನೂ ಕೇಳಲಿಲ್ಲ."

ಲಿಗೋರಿ ತಲೆಯಾಡಿಸಿದ. ಎರಡು ವರ್ಷ ಮೊದಲೆಂದರೆ ಅರ್ಧ ಇಂಚು. ಆ ಪುಟ ಅವನಿಗೆ ಕಣ್ಣು ಮುಚ್ಚಿದರೂ ಕಾಣುತ್ತಿತ್ತು.

"ಯೂನಿಫಾರ್ಮ್ ಯಾವುದೂ ಹಿಡಿಸುವುದಿಲ್ಲ. ಬೇರೆ ಕಡೆ ಕೇಳಿದೆ. ಅವರಿಗೆ ಬೆಲ್ಟಿನ ಮೇಲೆ ಅಳತೆ ತೆಗೆಯಲಿಕ್ಕೆ ಬರುವುದಿಲ್ಲ," ಎಂದಳು ಬೇಬಿ. ಅದು ಹೊಗಳಿಕೆಯ ದನಿಯಾಗಿರಲಿಲ್ಲ.

ಪ್ರಣೀತಾ ಕನ್ನಡಿಯ ಮುಂದೆ ಹೋಗಿ ನಿಂತಳು. ಲಿಗೋರಿ ಹಿಂದಿನಿಂದ ಟೇಪು ಸುತ್ತಿದಾಗ ಅದರ ಹಿತ್ತಾಳೆಯ ತುದಿ ಬೆಲ್ಟಿಗೆ ತಾಗಿ ಟಕ್ಕೆಂದಿತು.

"ಮಗಾ," ಎಂದ ಅವನು, "ಹೇಗೆ ಹೊಲಿಯಲಿ?"

ಆ ಶನಿವಾರದ ನಂತರ ಅವಳು ಅವನೊಡನೆ ಮಾತಾಡಿರಲಿಲ್ಲ.

"ಬೆಲ್ಟ್ ಕಾಣಬಾರದು," ಎಂದಳು. "ಕ್ಲಾಸಿನಲ್ಲಿ ಆಮೆ ಅಂತ ಕರೀತಾರೆ."

"ಕಾಣುವುದಿಲ್ಲ."

ಅವನು ಕಿವಿಯ ಮೇಲಿನ ಪೆನ್ಸಿಲು ತೆಗೆದು ಪುಸ್ತಕ ಬಿಡಿಸಿದ. ಅಷ್ಟರಲ್ಲಿ ಬೇಬಿ ತನ್ನ ಚೀಲದಿಂದ ಒಂದು ಹೊಸ ನೋಟುಪುಸ್ತಕ ಹೊರತೆಗೆದಳು. ಮೊದಲ ಪುಟದಲ್ಲಿ ಮಗಳ ಹೆಸರು ಬರೆದಾಗಿತ್ತು.

"ಜೋರಾಗಿ ಹೇಳಿ, ಪರ್ಬುಗಳೇ," ಎಂದಳು. "ನಾನೂ ಬರೆದುಕೊಳ್ಳುತ್ತೇನೆ."

ಅಣ್ಣು ಯಂತ್ರ ನಿಲ್ಲಿಸಿದ. ಲಿಗೋರಿ ಬಲ ಭುಜದ ತುದಿಗೆ ಟೇಪು ಒತ್ತಿ ಕೆಳಗಿಳಿಸಿ ಬಗ್ಗಿ ನೋಡಿದ. ಪೆನ್ಸಿಲು ಎತ್ತುವ ಮೊದಲು ಬಾಯಿಬಿಟ್ಟು ಹೇಳಿದ.

"ಬಲ, ಮೂವತ್ತೆಂಟೂವರೆ."

ಬೇಬಿ ಬರೆದಳು. ಹುಡುಗಿ ಕನ್ನಡಿಯಲ್ಲಿ ಉಸಿರು ಹಿಡಿದು ನಿಂತಿದ್ದಳು. ಅವನು ಟೇಪನ್ನು ಈಚೆ ಬದಿಗೆ ತಂದು, ತುದಿಯನ್ನು ಹೆಬ್ಬೆರಳಿನಿಂದ ಒತ್ತಿ, ಬೆಲ್ಟಿನ ಅಂಚು ದಾಟಿಸಿ ನಿಧಾನವಾಗಿ ಇಳಿಸಿದ.

"ಎಡ," ಎಂದ.

ಕನ್ನಡಕವನ್ನು ಹಣೆಗೇರಿಸಿ ಇನ್ನೂ ಹತ್ತಿರಕ್ಕೆ ಬಗ್ಗಿದ. ಬೇಬಿಯ ಪೆನ್ನು ಕಾಗದದ ಮೇಲೆ ಕಾಯುತ್ತಿತ್ತು.