ಹದಿನಾಲ್ಕನೇ ಕುಳಿಯ ಐದು ಹೊಡೆತ

ಮಾರ್ಶ್‌ಗೇಟ್ ಗಾಲ್ಫ್ ಕ್ಲಬ್ಬಿನ ದೊಡ್ಡ ಮನುಷ್ಯರಿಗೆ ವಿಲ್ಫ್ ಆಸ್ಕ್ಯೂನ ಪ್ರಾಮಾಣಿಕತೆ ಎಂದರೆ ಪ್ರಾಣ. ಪ್ರತಿ ಕ್ರಿಸ್‌ಮಸ್ ಊಟದ ದಿನ ಅವನನ್ನು ಪಕ್ಕದ ಬಾಗಿಲಿಂದ ಕರೆಸಿ, ಗೋಡೆಗೆ ಒರಗಿಸಿ ನಿಲ್ಲಿಸಿ, ಕೈಗೊಂದು ಗ್ಲಾಸು ಕೊಟ್ಟು ಆ ಕಥೆ ಹೇಳುತ್ತಿದ್ದರು. ಚಪ್ಪಾಳೆ ಮುಗಿದ ಮೇಲೆ ಗ್ಲಾಸು ಇಸಿದುಕೊಂಡು ಹೊರಗೆ ಕಳಿಸುತ್ತಿದ್ದರು. ಮುಂಬಾಗಿಲು ಸದಸ್ಯರಿಗೆ, ಅವರಿಗೆ ಆಟ ಕಲಿಸಿ, ಅವರ ಕೋಲು ರಿಪೇರಿ ಮಾಡಿ ಹೊಟ್ಟೆ ಹೊರೆಯುವ ವಿಲ್ಫನಂಥ ವೃತ್ತಿ ಆಟಗಾರನಿಗಲ್ಲ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ವಿಲ್ಫ್ ಆ ಬಾಗಿಲು ದಾಟಿರಲಿಲ್ಲ.

ಕಥೆ ಇಷ್ಟೇ. ಸಾವಿರದ ಒಂಬೈನೂರ ಮೂವತ್ತೆಂಟರಲ್ಲಿ, ಉತ್ತರದ ಒಂದು ದೊಡ್ಡ ಪಂದ್ಯಾವಳಿಯ ಕೊನೆಯ ದಿನ, ಉದ್ದ ಹುಲ್ಲಿನಲ್ಲಿ ವಿಲ್ಫ್ ಕೋಲು ಊರಿದಾಗ ಚೆಂಡು ಕೂದಲೆಳೆಯಷ್ಟು ಹೊರಳಿತು. ಒಂದು ನರಪಿಳ್ಳೆಯೂ ನೋಡಿರಲಿಲ್ಲ. ಅವನೇ ಹೇಳಿ, ನಿಯಮದಂತೆ ತನ್ನ ಮೇಲೆ ಒಂದು ಹೊಡೆತದ ದಂಡ ಹಾಕಿಕೊಂಡ. ಕಡಿಮೆ ಹೊಡೆತದವನು ಗೆಲ್ಲುವ ಆಟ. ಆ ಒಂದರಿಂದಲೇ ಸೋತ. ಆಮೇಲೆ ಯುದ್ಧ ಆರು ವರ್ಷ ನುಂಗಿತು, ಇಟಲಿಯಲ್ಲಿ ಮಂಡಿಗೆ ಗುಂಡಿನ ಚೂರು ಹೊಕ್ಕಿತು, ಆ ಮಟ್ಟದ ಆಟ ಮತ್ತೆ ಕೈಗೆ ಬರಲಿಲ್ಲ. ಅವನ ಪಾಲಿಗೆ ಉಳಿದದ್ದು ಅದೊಂದೇ. ಅದನ್ನೂ ಇವರು ಊಟದ ಮೇಲಿನ ಸಿಹಿಯಂತೆ ಚಪ್ಪರಿಸುತ್ತಿದ್ದರು.

ಐವತ್ಮೂರರ ಜೂನ್‌ನಲ್ಲಿ ಕ್ಲಬ್ಬಿನ ಬೇಸಿಗೆ ಕಪ್ ನಡೆಯಿತು. ಆಡಿದವನ ಹೊಡೆತಗಳನ್ನು ಕಾರ್ಡಿನಲ್ಲಿ ಬರೆದು ಸಹಿ ಹಾಕುವುದು ಜೊತೆಗಾರನ ಕೆಲಸ. ಕ್ಲಬ್ಬಿನ ಕ್ಯಾಪ್ಟನ್ ಮೇಜರ್ ಥಾರ್ನ್‌ಟನ್ ವಿಲ್ಫನನ್ನೇ ಜೊತೆಗೆ ಹಾಕಿಸಿಕೊಂಡಿದ್ದ. ಹದಿನಾಲ್ಕನೇ ಕುಳಿಯ ಪಕ್ಕದ ಮರಳುಗುಂಡಿಗೆ ಮೇಜರನ ಚೆಂಡು ಬಿತ್ತು. ಮೇಜರ್ ಬೀಸಿದ, ಮರಳು ಹಾರಿತು, ಚೆಂಡು ಅಲುಗಲಿಲ್ಲ. ಅತ್ತಿತ್ತ ನೋಡಿ ಇನ್ನೊಮ್ಮೆ ಬೀಸಿ ಮೇಲೆತ್ತಿದ. ಚೆಂಡು ಅಲುಗಲಿ ಬಿಡಲಿ, ಬೀಸಿದ್ದೆಲ್ಲ ಲೆಕ್ಕ. ಚೆಂಡನ್ನು ಕುಳಿಗೆ ಹಾಕಿ ಮೇಜರ್ "ನಾಲ್ಕು" ಎಂದ. ಮೇಲೆ ಬಾವುಟ ಹಿಡಿದು ನಿಂತಿದ್ದ ವಿಲ್ಫ್ ಐದು ಎಂದು ಬರೆದ. ಆಟ ಮುಗಿದೊಡನೆ ಮೇಜರ್ ಕಾರ್ಡನ್ನು ಅವನ ಕೈಯಿಂದ ಕಿತ್ತುಕೊಂಡು ಹೋದ.

ಅರ್ಧ ಗಂಟೆಯಲ್ಲಿ ಕ್ಲಬ್ಬಿನ ಕಾರ್ಯದರ್ಶಿ ಟ್ರೆಂಚ್ ಅದೇ ಕಾರ್ಡ್ ಹಿಡಿದು ವಿಲ್ಫನ ಅಂಗಡಿಗೆ ಬಂದ. ಐದು ಹೊಡೆದುಹಾಕಿ ನಾಲ್ಕು ಮಾಡಿತ್ತು.

"ಸಹಿ ಮರ್ತಿದ್ದೀಯಲ್ಲಯ್ಯ ಆಸ್ಕ್ಯೂ."

"ಮರ್ತಿಲ್ಲ ಸರ್. ನಾನು ಬರ್ದದ್ದು ಐದು."

"ಮೇಜರ್ ನಾಲ್ಕು ಅಂತಾರೆ. ಹಾಗಾದ್ರೆ ಒಂದು ಹೊಡೆತದಲ್ಲಿ ಕಪ್ ಅವರದ್ದೇ. ಹೊರಗೆ ಚಹಾ ಶುರುವಾಗಿದೆ, ಕೌಂಟಿ ಗಾಲ್ಫ್ ಸಂಘದೋರೆಲ್ಲ ಬಂದು ಕೂತಿದ್ದಾರೆ. ಸುಮ್ನೆ ಗೀಚು."

"ಗುಂಡೀಲಿ ಎರಡು ಸಲ ಬೀಸಿದ್ರು. ಕಣ್ಣಾರೆ ಕಂಡಿದ್ದೀನಿ."

"ನಿನ್ ಬಿಟ್ರೆ ಇನ್ಯಾರು ಕಂಡ್ರು?" ಟ್ರೆಂಚ್ ನಕ್ಕ. "ನಿನ್ನ ಹೆಂಡ್ತಿ ಗುಲಾಬಿ ಚೆನ್ನಾಗಿ ಬೆಳೆಸಿದ್ದಾಳಪ್ಪ. ಮನೆ ಮಾತ್ರ ಕ್ಲಬ್ಬಿಂದು. ನೆನಪಿದೆ ತಾನೆ?"

ವಿಲ್ಫನಿಗೆ ಮೈಯೆಲ್ಲ ಉರಿದುಹೋಯಿತು. ಕಾರ್ಡ್ ಕಸಿದುಕೊಂಡು, ವಾರ್ನಿಷ್ ಮೆತ್ತಿದ ಏಪ್ರನ್ನಿನಲ್ಲೇ ಹೊರಟ. ಪಕ್ಕದ ದಾರಿ ಸುತ್ತು. ಸುತ್ತುವ ತಾಳ್ಮೆ ಅವನಿಗಿರಲಿಲ್ಲ. ಮುಂಬಾಗಿಲಿಂದ ಹೊಕ್ಕು, ರತ್ನಗಂಬಳಿ ತುಳಿದು, ಆಚೆ ಹುಲ್ಲುಹಾಸಿಗೆ ಇಳಿದ. ಅಲ್ಲಿ ಕಪ್ಪಿನ ಪಕ್ಕ ನಿಂತು ಮೇಜರ್ ಅತಿಥಿಗಳಿಗೆ ಕಥೆ ಹೇಳುತ್ತಿದ್ದ. ಬೇರೆ ಯಾವ ಕಥೆಯೂ ಅಲ್ಲ, ಅದೇ ಕಥೆ.

"ಓಹೋ, ಬಾರಯ್ಯ! ಇವನೇ ನೋಡಿ ಆ ಆಸಾಮಿ. ಯಾರೂ ನೋಡಿರ್ಲಿಲ್ಲ, ಆದ್ರೂ..."

"ಆವತ್ತು ಯಾರೂ ನೋಡಿರ್ಲಿಲ್ಲ ಸರ್. ಇವತ್ತು ನಾನು ನೋಡಿದ್ದೀನಿ."

ಕಾರ್ಡನ್ನು ಮೇಜಿನ ಮೇಲಿಟ್ಟು, ನಾಲ್ಕನ್ನು ಹೊಡೆದುಹಾಕಿ, ಐದು ಬರೆದು, ದೊಡ್ಡದಾಗಿ ಸಹಿ ಹಾಕಿದ. "ಹದಿನಾಲ್ಕನೇದ್ರಲ್ಲಿ ಐದು. ಇನ್ಮೇಲೆ ಆ ಕಥೆ ಹೇಳ್ಬೇಡಿ. ಅದು ನಂದು. ಹೇಳೋ ಯೋಗ್ಯತೆ ನಿಮ್ಗಿಲ್ಲ."

ಕೌಂಟಿ ಸಂಘದ ಅಧ್ಯಕ್ಷರು ಬಾಯಲ್ಲಿದ್ದ ಸೌತೆಕಾಯಿ ಸ್ಯಾಂಡ್‌ವಿಚ್ ಅಗಿಯುವುದನ್ನೇ ಮರೆತರು. ಮೇಜರನ ಕತ್ತು ಕೆಂಪಾಯಿತು. ವಿಲ್ಫ್ ಬಂದ ದಾರಿಯಲ್ಲೇ, ಮುಂಬಾಗಿಲಿಂದಲೇ ವಾಪಸಾದ.

ಅಂಗಡಿಗೆ ಬೀಗ ಹಾಕಿ ಮನೆ ಮುಟ್ಟುವಷ್ಟರಲ್ಲಿ ಟ್ರೆಂಚ್ ಸೈಕಲ್ಲಿನಲ್ಲಿ ಬಂದು ಹೋಗಿದ್ದ: ಸೋಮವಾರದಿಂದ ಕೆಲಸವಿಲ್ಲ, ತಿಂಗಳೊಳಗೆ ಮನೆ ಖಾಲಿ ಆಗಬೇಕು. ಹೆಂಡತಿ ಎನಿಡ್ ಹಿತ್ತಲಲ್ಲಿ ಸನಿಕೆ ಹಿಡಿದು ನಿಂತಿದ್ದಳು. ಮುಖ ಧುಮುಗುಡುತ್ತಿತ್ತು.

"ನನ್ ಮೇಲೆ ಕೋಪಾನಾ?"

"ಹೂಂ, ಕೋಪಾನೇ. ಇವತ್ತಿಂದಕ್ಕಲ್ಲ. ಏಳು ಕ್ರಿಸ್‌ಮಸ್ ಆ ಗೋಡೆಗೆ ಒರಗಿ ನಿಂತ್ಯಲ್ಲ, ಅದಕ್ಕೆ." ಸನಿಕೆಯನ್ನು ಮಣ್ಣಿಗೆ ತುಳಿದಳು. "ಮನೆ ಅವ್ರದ್ದು. ಗುಲಾಬಿ ನಾನು ನೆಟ್ಟಿದ್ದು."

ಹೂ ಬಿಟ್ಟಿರುವ ಜೂನ್‌ನಲ್ಲಿ ಗುಲಾಬಿ ಕೀಳಬಾರದು, ಕಿತ್ತರೆ ಬದುಕುವುದಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ವಿಲ್ಫ್ ಕೊಟ್ಟಿಗೆಯಿಂದ ಇನ್ನೊಂದು ಸನಿಕೆ ತಂದ. ಕುಂಟು ಮಂಡಿ ಊರಿ, ಒಂದು ಗಿಡವನ್ನೂ ಬಿಡದೆ ಅವಳ ಜೊತೆ ಅಗೆದ.