ಗಂಡು ಬಾತಿನ ಬಾಣಂತನ

ಎಸ್ನಾರ್ಟಳ ಹಿತ್ತಲಿನ ಗಂಡು ಬಾತು ಇಡೀ ಊರಿಗೆ ಪರಿಚಿತ. ಪಾದ್ರಿಯ ಪ್ಯಾಂಟನ್ನೇ ಕಚ್ಚಿ ಹರಿದ ಪ್ರಾಣಿ ಅದು. ಹಾಗಾಗಿ ಝೋಂಬಾ ಪಟ್ಟಣದ ಸಂತೆಯಿಂದ ತಾಯಿಯಿಲ್ಲದ ಆರು ಬಾತುಮರಿಗಳನ್ನು ತಂದಾಗ ಅವಳು ಹಿತ್ತಲಿಗೆ ಅಡ್ಡಲಾಗಿ ಬಿದಿರಿನ ತಡಿಕೆ ಕಟ್ಟಿದಳು. ಗಂಡು ಬಾತು ಆ ಕಡೆ, ಮರಿಗಳು ಈ ಕಡೆ. ಒಂದನ್ನೊಂದು ನೋಡಿ ನೋಡಿ ರೂಢಿಯಾದ ಮೇಲೆ ಬಿಟ್ಟರಾಯಿತು ಎಂದುಕೊಂಡಿದ್ದಳು.

"ಬಾತುಗಳಿಗೂ ಸಂಬಂಧ ಕುದುರಿಸ್ತಿದ್ದೀಯೇನೆ?" ಎಂದ ಗಂಡ ಲಾಸ್ಟನ್.

"ನಿಮಗೇನು ಗೊತ್ತು? ಅದು ಒಂದ್ಸಲ ಕುಕ್ಕಿದ್ರೆ ಮರಿ ಸತ್ತೇಹೋಗುತ್ತೆ. ಸುಮ್ನಿರಿ."

ಮರುವಾರ ಅವಳು ಮೆಕ್ಕೆಜೋಳ ಬೀಸಿಸಲು ಗಿರಣಿಗೆ ಹೋಗಿದ್ದಾಗ ಲಾಸ್ಟನ್ ತಡಿಕೆಗೆ ಒರಗಿ ಕೂತು ನಿದ್ದೆಹೋದ. ತಡಿಕೆ ಅವನ ಸಮೇತ ಮಗುಚಿತು.

ಎಸ್ನಾರ್ಟ್ ಬಂದು ನೋಡಿದರೆ ಗಂಡ ಮೊಣಕೈ ಉಜ್ಜಿಕೊಳ್ಳುತ್ತ ನಿಂತಿದ್ದ. ಗಂಡು ಬಾತು ಬಚ್ಚಲಿನ ಗೋಡೆಯ ಮೇಲೇರಿ ಕೂತಿತ್ತು. ಕೆಳಗೆ ಆರೂ ಮರಿಗಳು ಕತ್ತೆತ್ತಿ ಅದನ್ನೇ ಕೂಗುತ್ತಿದ್ದವು. ಹಿಟ್ಟಿನ ಬುಟ್ಟಿ ಅವಳ ಕೈಯಿಂದ ಜಾರುವುದೊಂದು ಬಾಕಿ.

"ಕಚ್ಚಲಿಲ್ವಾ?"

"ಎಲ್ಲಿ ಕಚ್ಚುತ್ತೆ? ಅಮ್ಮ ಅಂದ್ಕೊಂಡು ಹಿಂದೆ ಬಿದ್ದವು. ಹಿತ್ತಲೆಲ್ಲ ಓಡಿ ಓಡಿ, ಕಾಟ ತಡೀಲಾರದೆ ಮೇಲೆ ಹತ್ತಿತು, ಪಾಪ."

ಎಸ್ನಾರ್ಟ್ ತವುಡು ಚೆಲ್ಲಿದಳು. ಹಸಿದಿದ್ದ ಬಾತು ಕೊನೆಗೂ ಇಳಿದು ಬಂದು ತಿಂದು, ಅಲ್ಲೇ ಕೂತಿತು. ಮರಿಗಳು ಒಂದೊಂದಾಗಿ ಅದರ ರೆಕ್ಕೆಯಡಿ ತೂರಿದವು. ಅದು ಗೋಡೆಯ ಕಡೆ ಮುಖ ತಿರುಗಿಸಿ ಅಲ್ಲಾಡದೆ ಕೂತಿತ್ತು.

"ನೋಡ್ಬೇಡಿ ರೀ, ನಾಚ್ಕೊಳ್ಳುತ್ತೆ" ಎಂದು ಎಸ್ನಾರ್ಟ್ ಗಂಡನನ್ನು ಒಳಗೆ ಕರೆದೊಯ್ದಳು.